ದಾರಿಕಲ್ಲು ಓಣಿಯ ನೀರು ಮತ್ತು ನನ್ನ ಅರವತ್ತು ವರ್ಷಗಳ ತಪ್ಪು

ಗೋಧಿಯ ಡಬ್ಬಿ ಹಿಡಿದು ಗಿರಣಿಗೆ ಹೋದವನಿಗೆ ಅಂದು ಹಿಟ್ಟು ಸಿಗಲಿಲ್ಲ. ನಾನೇ ಬರೆದ ಲೇಖನ ಸಿಕ್ಕಿತು.

ಅದರ ಜೆರಾಕ್ಸ್ ಪ್ರತಿ. ಮೂಲೆಗೊಂದು ಪಿನ್ನು. ಮೇಲೊಂದು ಕಚೇರಿಯ ಕಾಗದ. ಲೇಖನದ ಎರಡು ಸಾಲುಗಳ ಅಡಿಗೆ ಕೆಂಪು ಶಾಯಿಯ ಗೆರೆ.

ತಾನು ಬರೆದದ್ದನ್ನು ಯಾರೋ ಗೆರೆ ಎಳೆದು ಓದಿದ್ದಾರೆಂದು ಕಂಡಾಗ ಲೇಖಕನಿಗೆ ಒಂದು ಕ್ಷಣ ಸಂತೋಷವಾಗುವುದು ಸಹಜ. ನನಗೂ ಆಯಿತು. (ನಿವೃತ್ತ ಸಂಶೋಧಕರ ಸಂತೋಷಗಳು ಬಹಳ ಸಣ್ಣವು; ಓದುಗರು ಕ್ಷಮಿಸಬೇಕು.) ಆ ಕ್ಷಣ ಕಳೆಯುವುದರೊಳಗೆ ಗಿರಣಿಯ ನೀಲವ್ವ ಕೇಳಿದರು.

"ಮಾಸ್ತರ್ರ, ಇದು ನೀವು ಬರದದ್ದು ಹೌದಿಲ್ರಿ?"

"ಹೌದು."

"ಹಂಗಾರ ಈ ಮಳಿಗಾಲ ನನ್ನ ಮೋಟಾರ್ ಮುಳುಗಿದ್ರ ಅದಕ್ಕ ನೀವ ಕಾರಣ ಅಂತ ಇದರ ಹಿಂದ ಬರದು ಸಹಿ ಮಾಡಿಕೊಡ್ರಿ."

ನೀಲವ್ವ ಬನವಾಸಿ ಕಡೆಯವರು. ಮದುವೆಯಾಗಿ ನಮ್ಮ ಓಣಿಗೆ ಬಂದವರು. ಗಂಡ ಲಾರಿ ಓಡಿಸುತ್ತಾರೆ, ಗಿರಣಿ ಇವರದೇ. ಅಕ್ಕಿ, ಗೋಧಿ, ರಾಗಿಗೊಂದು ಯಂತ್ರ, ಮೆಣಸಿನಪುಡಿಗೆ ಇನ್ನೊಂದು. ಎರಡನ್ನೂ ತಿರುಗಿಸುವ ಮೋಟಾರು ನೆಲದಿಂದ ಕೆಳಗೆ, ಒಂದು ಗುಂಡಿಯಲ್ಲಿದೆ. ನನ್ನನ್ನು ಅವರು ಮಾಸ್ತರ್ರ ಎಂದೇ ಕರೆಯುತ್ತಾರೆ. ಜೀವನದಲ್ಲಿ ಒಂದು ತರಗತಿಗೂ ಪಾಠ ಹೇಳಿದವನಲ್ಲ ನಾನು. ಹಳೆಯ ಶಾಸನ, ಕಡತಗಳನ್ನು ಓದಿ ಅವುಗಳ ಕಾಲ ನಿರ್ಣಯಿಸುವುದಷ್ಟೇ ನನ್ನ ಕೆಲಸವಾಗಿತ್ತು. ಇದನ್ನು ಎರಡು ಸಲ ವಿವರಿಸಿದೆ. "ಹೌದೌದ್ರಿ ಮಾಸ್ತರ್ರ" ಎಂದರು. ಆಮೇಲೆ ಬಿಟ್ಟುಬಿಟ್ಟೆ.

ಮುಂದುವರಿಯುವ ಮೊದಲು ಎರಡು ಅರಿಕೆಗಳು.

ಒಂದು, ಊರಿನ ಹೆಸರು ಹೇಳುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರರಲ್ಲಿ ಯಾವುದಾದರೂ ಆಗಬಹುದು. ನಗರಸಭೆಯೋ ಪಟ್ಟಣ ಪಂಚಾಯಿತಿಯೋ ಎಂದು ಬರೆದರೆ ಗುಟ್ಟು ರಟ್ಟಾದೀತೆಂದು 'ಕಚೇರಿ' ಎಂದಷ್ಟೇ ಕರೆಯುತ್ತೇನೆ. ಇದು ನಮ್ಮದೇ ಓಣಿ ಎಂದು ಮೂರೂ ಊರಿನವರು ಭಾವಿಸಿದರೆ ನನಗೆ ಆಕ್ಷೇಪವಿಲ್ಲ. ಬಹುಶಃ ಮೂವರೂ ಸರಿ.

ಎರಡು, ಈ ವಾರದ ಅಂಕಣದಲ್ಲಿ ಒಂದೂ ಇಸವಿ ಬರೆಯುವುದಿಲ್ಲ. ಹಳೆಯ ಓದುಗರಿಗೆ ಅಚ್ಚರಿಯಾದೀತು. ಯಾರಾದರೂ ಮದುವೆಯ ಆಮಂತ್ರಣ ಕೊಟ್ಟರೂ ಪಂಚಾಂಗ ತೆಗೆದು ವಾರ, ತಿಥಿ ತಾಳೆ ನೋಡುವವನು ನಾನು. ಆದರೆ ಇಡೀ ಅನಾಹುತಕ್ಕೆ ಕಾರಣವಾದದ್ದೇ ನಾನು ಕೊಟ್ಟ ಒಂದು ಇಸವಿ. ಆದ್ದರಿಂದ ಈ ವಾರ ಉಪವಾಸ.

ಇನ್ನು ಆ ಕಾಗದದ ವಿಚಾರ.

ನಮ್ಮ ಓಣಿ ಪೇಟೆಯ ಕಡೆಯಿಂದ ಇಳಿಜಾರಾಗಿ ಕೆಳಗೆ ಹೋಗುತ್ತದೆ. ಮೇಲ್ತುದಿಯಲ್ಲಿ ನನ್ನ ಮನೆ. ಕೆಳತುದಿಯಲ್ಲಿ ನೀಲವ್ವನ ಗಿರಣಿ. ಮಳೆಗಾಲದಲ್ಲಿ ಪೇಟೆಯ ನೀರೆಲ್ಲ ಓಣಿಯಲ್ಲೇ ಇಳಿಯುತ್ತದೆ. ನನ್ನ ಹೊಸಿಲನ್ನು ಮುಟ್ಟದೆ ಇಳಿಯುತ್ತದೆ, ಗಿರಣಿಯೊಳಗೆ ನುಗ್ಗುತ್ತದೆ. ಹಿಂದೆ ಗಿರಣಿಗೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ಓಣಿಗೆ ಒಮ್ಮೆ ಕಾಂಕ್ರೀಟ್ ಬಿತ್ತು, ಮೆಟ್ಟಿಲು ಒಂದಾಯಿತು. ಹಳೆಯದನ್ನು ತೆಗೆಯದೆ ಅದರ ಮೇಲೇ ಇನ್ನೊಮ್ಮೆ ಬಿತ್ತು, ಸಮನಾಯಿತು. ಮೂರನೆಯ ಸಲ ಬಿದ್ದ ಮೇಲೆ ಗಿರಣಿಗೆ ಇಳಿದು ಹೋಗುತ್ತಿದ್ದೇವೆ. ಕಟ್ಟಡ ಕುಸಿದಿಲ್ಲ. ದಾರಿ ಬೆಳೆದಿದೆ.

ಹೋದ ಮಳೆಗಾಲದಲ್ಲಿ ಎರಡು ಸಲ ಮೋಟಾರು ಮುಳುಗಿತು. ಎರಡು ಸಲವೂ ಸುರುಳಿ ಬಿಚ್ಚಿ ಹೊಸದಾಗಿ ಸುತ್ತಿಸಿದ್ದಾಯಿತು. ಇನ್ನೊಮ್ಮೆ ಮುಳುಗಿದರೆ ತಾನು ಮುಟ್ಟುವುದಿಲ್ಲವೆಂದು ಮೆಕ್ಯಾನಿಕ್ ಹೇಳಿಬಿಟ್ಟಿದ್ದಾನೆ. ಮೋಟಾರನ್ನು ಎತ್ತರಕ್ಕೇರಿಸಿದರೆ ಯಂತ್ರದ ಬೆಲ್ಟು ಕೂರುವುದಿಲ್ಲ, ಬೆಲ್ಟು ಕೂರದಿದ್ದರೆ ಕಲ್ಲು ತಿರುಗುವುದಿಲ್ಲ. "ಇನ್ನೊಂದ್ಸಲ ನೀರು ಬಂದ್ರ ಬಾಗಲಾ ಹಾಕೂದ ಮಾಸ್ತರ್ರ" ಎಂದು ನೀಲವ್ವ ಯಾರಿಗೋ ಆಗಬಹುದಾದದ್ದನ್ನು ಹೇಳುವಂತೆ ಹೇಳಿದರು. ಆದ್ದರಿಂದಲೇ ಓಣಿಗೊಂದು ಚರಂಡಿ ಬೇಕೆಂದು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅದಕ್ಕೆ ಬಂದ ಉತ್ತರ ಹೀಗಿತ್ತು: ಸದರಿ ಓಣಿಯು ಖಾಸಗಿ ದಾರಿಯಾಗಿದ್ದು, ಕಚೇರಿಯ ರಸ್ತೆ ರಿಜಿಸ್ಟರಿನಲ್ಲಿ ದಾಖಲಾಗಿರುವುದಿಲ್ಲ, ಆದ್ದರಿಂದ ಚರಂಡಿ ನಿರ್ಮಿಸಲು ಅವಕಾಶವಿರುವುದಿಲ್ಲ, ಆಧಾರ, ಲಗತ್ತು.

ಲಗತ್ತು ಎಂದರೆ ನಾನು.

ಓಣಿಯ ಮೇಲ್ತುದಿಯಲ್ಲಿ ಒಂದು ಕಲ್ಲಿದೆ. ಅದರಿಂದಲೇ ಇದು ದಾರಿಕಲ್ಲು ಓಣಿ. ಬಹಳ ವರ್ಷಗಳ ಹಿಂದೆ ಇಲ್ಲಿನ ವಾಚನಾಲಯದ ಸ್ಮರಣ ಸಂಚಿಕೆಗೆಂದು ಆ ಕಲ್ಲಿನ ಬರಹವನ್ನು ಓದಿ ಲೇಖನ ಬರೆದಿದ್ದೆ. ಕಲ್ಲಿನಲ್ಲಿ ಸಂವತ್ಸರದ ಹೆಸರಿತ್ತು, ತಿಥಿಯಿತ್ತು, ವಾರವಿತ್ತು. ಮೇಲಿನ ಮನೆತನವೊಂದು ತಮ್ಮ ಜಾಗದಲ್ಲಿ ಪೇಟೆಗೆ ಗಾಡಿದಾರಿ ಕಡಿಸಿದ ಸಂಗತಿಯಿತ್ತು. ನಾನು ಕಾಲ ನಿರ್ಣಯಿಸಿದೆ. ಆ ಕಾಲಕ್ಕೆ ಊರಿನಲ್ಲಿ ಪುರಸಭೆಯೇ ಹುಟ್ಟಿರಲಿಲ್ಲ. ಆದ್ದರಿಂದ 'ಇದು ನಿಸ್ಸಂದೇಹವಾಗಿ ಮನೆತನದ ಖಾಸಗಿ ದಾರಿ' ಎಂದು ಬರೆದೆ.

ಕೆಂಪು ಗೆರೆ ಇದ್ದದ್ದು ಅದರ ಕೆಳಗೆ. 'ನಿಸ್ಸಂದೇಹವಾಗಿ' ಎಂಬ ಪದಕ್ಕೆ ಎರಡು ಗೆರೆ.

ಮನೆಗೆ ಬಂದು ಮೂಲ ಸಂಚಿಕೆ ಹುಡುಕಿ ತೆಗೆದೆ. ಪುಟದ ಅಡಿಯಲ್ಲಿ ನನ್ನದೇ ಟಿಪ್ಪಣಿ: ಕಲ್ಲಿನ ಬುಡ ಹೂತಿರುವುದರಿಂದ ಕೆಳಗಿನ ಸಾಲುಗಳನ್ನು ಓದಲಾಗಿಲ್ಲ. ಜೆರಾಕ್ಸ್ ಮಾಡುವಾಗ ಪುಟದ ತಳ ಕತ್ತರಿಸಿಹೋಗಿತ್ತು. ಅಬ್ಬಾ ಎನಿಸಿತು. ಹೆಂಡತಿ ಸಾವಿತ್ರಿಗೆ ತೋರಿಸಿದೆ. ನೋಡು, ನಾನು ಎಚ್ಚರಿಕೆ ಕೊಟ್ಟೇ ಇದ್ದೆ. ತಪ್ಪು ಜೆರಾಕ್ಸ್ ಅಂಗಡಿಯವರದು.

ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ನಮ್ಮ ಮನೆಮಾತಿನಲ್ಲಿ ಕೇಳಿದಳು (ಅದರಲ್ಲಿ 'ಹೇಳಿ' ಎಂದರೆ 'ಎಂದು', 'ನಂಬವು' ಎಂದರೆ 'ನಂಬಬೇಕು').

"ಬುಡ ಓದಿದ್ದಿಲ್ಲೆ ಹೇಳಿ ಕೆಳಗೆ ಬರದ್ದು ನಿಂಗನೇ. ನಿಸ್ಸಂದೇಹ ಹೇಳಿ ಮೇಲೆ ಬರದ್ದೂ ನಿಂಗನೇ. ಎರಡ್ರಲ್ಲಿ ಯಾವ್ದು ನಂಬವು?"

ನಾಲ್ಕು ಜನ ವಿದ್ವಾಂಸರ ಸಮಿತಿಯ ಮುಂದೆ ಪ್ರಬಂಧ ಸಮರ್ಥಿಸಿದವನು ಒಂದು ಬೆಂಡೆಕಾಯಿಯ ಮುಂದೆ ಸೋತೆ.

ಮರುದಿನ ಕಚೇರಿಗೆ ಹೋದೆ. ಚರಂಡಿ, ರಸ್ತೆ, ಕಟ್ಟಡ ಪರವಾನಗಿ ಎಲ್ಲವನ್ನೂ ನೋಡುವ ಇಂಜಿನಿಯರ್ ಒಬ್ಬರೇ. ಹೆಸರು ನಾಯ್ಕ ಎಂದಿಟ್ಟುಕೊಳ್ಳೋಣ. ನಡುವಯಸ್ಸು ದಾಟುತ್ತಿರುವವರು, ಕರಾವಳಿಯ ಕಡೆಯವರು. ಕುರ್ಚಿಯ ಮೇಲೂ ಫೈಲುಗಳಿದ್ದವು. ಅವನ್ನು ನೆಲಕ್ಕಿಳಿಸಿ ನನ್ನನ್ನು ಕೂರಿಸಿದರು.

"ನೀವೇ ಬಂದ್ರಾ ಸರ್? ನಿಮ್ಮ ಲೇಖನ ನಮ್ಮ ಆಫೀಸಲ್ಲಿ ಎಲ್ಲರೂ ಓದಿದ್ರು."

"ಎಲ್ಲರೂ? ಪೂರ್ತಿ?"

"ಗೆರೆ ಹಾಕಿದಷ್ಟು."

ಅವರಿಂದ ತಿಳಿದ ಸಂಗತಿ ಇದು. ರಸ್ತೆ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಸಮಯದಲ್ಲಿ, ಈಗ ವರ್ಗವಾಗಿ ಹೋಗಿರುವ ಅಧಿಕಾರಿಯೊಬ್ಬರು ಪ್ರತಿ ಓಣಿಯ ಮೂಲವನ್ನೂ ಪರಿಶೀಲಿಸಿದ್ದರಂತೆ. ಹಳೆಯ ರಿಜಿಸ್ಟರಿನಲ್ಲಿ ನಮ್ಮ ಓಣಿಯ ಪುಟವನ್ನು ಗೆದ್ದಲು ತಿಂದಿತ್ತು. ಅವರು ಸುಮ್ಮನೆ ಊಹಿಸಲಿಲ್ಲ. ವಾಚನಾಲಯಕ್ಕೆ ಹೋಗಿ ಆಕರ ಹುಡುಕಿದರು, ಓದಿದರು, ಖಾಸಗಿ ಎಂದು ಷರಾ ಬರೆದು ರಿಜಿಸ್ಟರಿನಿಂದ ಕೈಬಿಟ್ಟರು. ಗಮನಿಸಿ, ಇಲ್ಲಿ ಸೋಮಾರಿ ಯಾರೂ ಇಲ್ಲ. ನಮ್ಮ ಊರಿನ ಕಚೇರಿಯಲ್ಲಿ ಒಬ್ಬ ಅಧಿಕಾರಿ ಸಂಶೋಧನೆಯನ್ನು ಗೌರವಿಸಿದ ಬಹುಶಃ ಏಕೈಕ ಸಂದರ್ಭ. ಫಲ, ಗಿರಣಿಯಲ್ಲಿ ಮೊಳಕಾಲು ಮಟ್ಟ ನೀರು.

ಆದರೂ ಒಂದು ಸಂಶಯ ಉಳಿಯಿತು.

"ಖಾಸಗಿ ದಾರಿ ಎಂದಾದರೆ ಅದಕ್ಕೆ ಕಾಂಕ್ರೀಟ್ ಹಾಕಿದವರು ಯಾರು?" ಎಂದೆ.

"ಅದು ಬೇರೆ ಅನುದಾನ ಸರ್. ಬೇರೆ ಇಲಾಖೆ. ಬಂದ್ರು, ಹಾಕಿದ್ರು, ಹೋದ್ರು. ನಮಗೆ ಹಸ್ತಾಂತರ ಆಗ್ಲಿಲ್ಲ."

"ಮೂರು ಸಲ?"

"ಮೂರೂ ಸಲ."

"ಅಂದರೆ ಅಲ್ಲಿ ಕಾಂಕ್ರೀಟ್ ಇದೆ ಎಂದು ಕಚೇರಿ ಒಪ್ಪುತ್ತದೆ."

"ಕಾಂಕ್ರೀಟ್ ಇದೆ ಸರ್. ಓಣಿ ಇಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಎಲ್ಲೋ ಪೈಪ್ ಒಡೆದಿತ್ತು. ಅದನ್ನು ಇಡುವ ಮೊದಲೇ ಇನ್ನೊಂದು. ಯಾರದೋ ಗೋಡೆ ರಸ್ತೆಗೆ ಬಂದಿತ್ತು. ಜೂನ್ ಹತ್ತಿರವಾಗುತ್ತಿತ್ತು. ಇಡೀ ಊರಿನ ನೀರು ಎಲ್ಲಿ ಹೋಗಬೇಕೆಂಬ ಪ್ರಶ್ನೆ ಆ ಒಂದೇ ಮೇಜಿಗೆ ಬಂದು ನಿಲ್ಲುತ್ತದೆ. "ಮಳೆ ಶುರುವಾದ್ರೆ ನನ್ನ ಫೋನ್ ಕಂಡ್ರೆ ಮನೇಲಿ ಹೆಂಡ್ತಿಗೂ ಸಿಟ್ಟು ಸರ್" ಎಂದರು. ಅವರ ಮೇಲೆ ಸಿಟ್ಟುಗೊಳ್ಳಲು ಸಿದ್ಧನಾಗಿ ಹೋಗಿದ್ದೆ. ಆ ಸಿದ್ಧತೆ ವ್ಯರ್ಥವಾಯಿತು.

ಕಾಯಿದೆ ಸ್ಪಷ್ಟವಾಗಿಯೇ ಇದೆ. ಸಾರ್ವಜನಿಕ ಬೀದಿಯನ್ನು, ಅದರ ಚರಂಡಿಯನ್ನು ಕಟ್ಟುವುದು, ಕಾಪಾಡುವುದು ಪೌರಾಡಳಿತದ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿದೆ. ಮನಸ್ಸಿದ್ದರೆ ಮಾಡುವ ಕೆಲಸಗಳ ಪಟ್ಟಿ ಬೇರೆ. ಆದರೆ ಬೀದಿ ಸಾರ್ವಜನಿಕವೇ ಎಂಬುದನ್ನು ಮೊದಲು ಯಾರು ಸಾಬೀತುಪಡಿಸಬೇಕು? ನೀರು ನುಗ್ಗಿಸಿಕೊಂಡವರೇ? ಕಾಗುಣಿತವಷ್ಟೇ ಕಲಿತು ಗಿರಣಿ ನಡೆಸುವ ಹೆಂಗಸು ಶಾಸನಶಾಸ್ತ್ರ ಓದಿ ಬರಬೇಕೆ?

ಕಲ್ಲಿನ ಬುಡ ಅಗೆದು ನೋಡೋಣ ಎಂದೆ. ನಾಯ್ಕರು ಪೆನ್ನು ಕೆಳಗಿಟ್ಟರು.

"ಒಡೀಲಿಕ್ಕೆ ನಾವು ಪರ್ಮಿಶನ್ ಕೊಡ್ಲಿಕ್ಕೆ ಬರೂದಿಲ್ಲ ಸರ್. ಓಣಿ ನಮ್ಮದಲ್ಲ."

"ಹಾಗಾದರೆ ನಾವೇ ಒಡೆಯುತ್ತೇವೆ."

"ಅದೂ ಬರೂದಿಲ್ಲ. ಕಾಂಕ್ರೀಟ್ ಸರ್ಕಾರದ್ದು."

ಕೊನೆಗೆ ಅವರೇ ಹೇಳಿದರು. "ಭಾನುವಾರ ನಾನೇ ಬಂದು ನಿಲ್ತೆ. ಯಾರಾದ್ರೂ ಕೇಳಿದ್ರೆ ಲೆವೆಲ್ ಚೆಕ್ ಮಾಡ್ತಾ ಇದ್ದೇನೆ ಅಂತ ಹೇಳ್ತೆ." ರಜೆಯ ದಿನ, ಸ್ವಂತ ಸ್ಕೂಟರಿನಲ್ಲಿ, ತಮ್ಮದಲ್ಲದ ಓಣಿಗೆ ಬರಲು ಒಪ್ಪಿದ ಆ ಮನುಷ್ಯನನ್ನು ನಾನು ಮರೆಯಲಾರೆ.

ಭಾನುವಾರ ಬೆಳಿಗ್ಗೆ ಪೌರಕಾರ್ಮಿಕರ ಮೇಸ್ತ್ರಿ ಫಕೀರಪ್ಪ ಉಳಿ, ಸುತ್ತಿಗೆ ತಂದ. ಅವನೂ ರಜೆಯಲ್ಲೇ ಬಂದಿದ್ದ. ಕಲ್ಲು ಈಗ ನನ್ನ ಮೊಳಕಾಲಿಗಿಂತ ಸ್ವಲ್ಪ ಎತ್ತರ. ನಾನು ಓದಿದಾಗ ಸೊಂಟದವರೆಗಿತ್ತು. ಆಗಲೇ ಬುಡ ಮಣ್ಣಿನಲ್ಲಿತ್ತು. ಅದರ ಮೇಲೆ ಮೂರು ಪದರ ಕಾಂಕ್ರೀಟ್. ಫಕೀರಪ್ಪ ಒಂದೊಂದೇ ಪದರ ಬಿಡಿಸುತ್ತ ಹೋದ. ಹಳೆಯ ಊರುಗಳನ್ನು ಅಗೆಯುವಾಗ ನಾವು ಪದರಗಳನ್ನು ಎಣಿಸುತ್ತೇವೆ, ಒಂದೊಂದಕ್ಕೆ ಒಂದೊಂದು ರಾಜವಂಶ. ಇಲ್ಲಿ ಒಂದೊಂದಕ್ಕೆ ಒಂದೊಂದು ಅನುದಾನ.

"ಮಾಸ್ತರ್ರ, ನೀವು ಆವಾಗ ಅರ್ಧಾ ತಾಸು ಜಾಸ್ತಿ ಅಗದಿದ್ರ ಇಷ್ಟೆಲ್ಲಾ ಇರ್ತಿದ್ದಿಲ್ಲ ನೋಡ್ರಿ" ಎಂದು ನೀಲವ್ವ ಪಕ್ಕದಲ್ಲಿ ನಿಂತು ಹೇಳಿದರು. ಸಿಟ್ಟಿನಿಂದಲ್ಲ. ಹಿಟ್ಟು ದಪ್ಪಗಾಯಿತೆಂದು ದೂರಿದ ಗಿರಾಕಿಗೆ ಕಲ್ಲು ಸವೆದದ್ದನ್ನು ವಿವರಿಸುವ ಧಾಟಿಯಲ್ಲಿ.

"ಅಂದು ಮಳೆ ಬಂದಿತ್ತು" ಎಂದೆ. ನಿಜವಾಗಿಯೂ ಬಂದಿತ್ತು. ಕೊಡೆ ತಂದಿರಲಿಲ್ಲ. ಮರುದಿನ ಬರುತ್ತೇನೆಂದುಕೊಂಡು ಹೋದೆ, ಮರುದಿನ ಸಂಚಿಕೆಯ ಸಂಪಾದಕರು ಲೇಖನ ಕೇಳಿದರು, ಕೊಟ್ಟುಬಿಟ್ಟೆ. ಮಹಾ ಪ್ರಮಾದಗಳಿಗೆ ಮಹಾ ಕಾರಣಗಳಿರಬೇಕೆಂದು ಇತಿಹಾಸ ಓದಿದವರು ನಂಬುತ್ತಾರೆ. ಹಾಗೇನಿಲ್ಲ.

ಬುಡ ಹೊರಬಂತು. ತೊಳೆದೆವು. ಅಕ್ಷರಗಳು ಸವೆದು ಕಲ್ಲಿನ ಬಣ್ಣಕ್ಕೇ ಸೇರಿಹೋಗಿದ್ದವು. ಇಂಥಲ್ಲಿ ಕ್ಷೇತ್ರಕಾರ್ಯದವರು ಮಾಡುವ ಒಂದು ಹಳೆಯ ಉಪಾಯವಿದೆ: ನುಣ್ಣನೆಯ ಹಿಟ್ಟನ್ನು ಮೇಲೆ ಸವರಿ ಅಂಗೈಯಿಂದ ಒರೆಸಿದರೆ ಕೊರೆದ ಗೆರೆಗಳಲ್ಲಿ ಮಾತ್ರ ಹಿಟ್ಟು ಉಳಿದು ಅಕ್ಷರ ಬೆಳ್ಳಗೆ ಕಾಣುತ್ತದೆ. "ಹಿಟ್ಟು ಸಿಕ್ಕೀತೆ?" ಎಂದು ಕೇಳಿದೆ. ಕೇಳಿದ್ದು ಗಿರಣಿಯವರನ್ನು.

"ಅಕ್ಕೀದೋ ಗೋಧೀದೋ?" ಎಂದರು ನೀಲವ್ವ.

ಅಕ್ಕಿ ಹಿಟ್ಟು ಬಂತು. ಸವರಿದೆ. ಒರೆಸಿದೆ. ಮೂರು ಸಾಲು ಎದ್ದುಬಂದವು.

ಮೇಲಿನ ಸಾಲುಗಳು ಮನೆತನ ಕಡಿಸಿದ ದಾರಿಯನ್ನು ಹೇಳಿ ಮಣ್ಣಿನೊಳಗೆ ಇಳಿದಿದ್ದವು. ಕೆಳಗಿನ ಸಾಲುಗಳು ಅದೇ ವಾಕ್ಯವನ್ನು ಮುಂದುವರಿಸುತ್ತಿದ್ದವು: ಆ ದಾರಿಯನ್ನು ಎಲ್ಲರ ನಡಿಗೆಗೆಂದು ಮುನಸಿಪಾಲಿಟಿಗೆ ಒಪ್ಪಿಸಿದ್ದಾಗಿ, ದಾರಿಯ ಎಡಗಡೆ ನೀರು ಹೋಗಲು ಎರಡು ಗೇಣು ಬಿಟ್ಟಿದ್ದಾಗಿ, ಅದನ್ನು ಯಾರೂ ಮುಚ್ಚಕೂಡದೆಂದು. ಅವರ ವಾಕ್ಯ ಮುಗಿಯುವ ಮೊದಲೇ ನಾನು ಮುಗಿಸಿಬಿಟ್ಟಿದ್ದೆ.

ನಾನು ಗಟ್ಟಿಯಾಗಿ ಓದಿದೆ. ನಾಯ್ಕರು ಎಡಗಡೆಗೆ ನೋಡಿದರು. ಅಲ್ಲಿ ಗೋಡೆಯವರೆಗೂ ಕಾಂಕ್ರೀಟ್ ಇತ್ತು.

ಹಾಗಾದರೆ ಇಸವಿ? ಓದುಗರಿಗೆ ಇದೊಂದನ್ನು ಹೇಳಲೇಬೇಕು. ನಮ್ಮ ಸಂವತ್ಸರಗಳ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷ ಕೊಡದೆ ಬರಿಯ ಸಂವತ್ಸರದ ಹೆಸರು ಕೊಟ್ಟರೆ ಅದು ಯಾವ ಸುತ್ತಿನದೆಂದು ತಿಥಿ, ವಾರಗಳನ್ನು ಹೊಂದಿಸಿ ಕಂಡುಹಿಡಿಯಬೇಕು. ನಾನು ಹೊಂದಿಸಿದ್ದೆ. ಹಳೆಯ ಸುತ್ತಿನಲ್ಲಿ ಸರಿಯಾಗಿ ಹೊಂದಿತ್ತು. ಅಲ್ಲಿಗೇ ನಿಲ್ಲಿಸಿದೆ. ಮುಂದಿನ ಸುತ್ತನ್ನೂ ನೋಡಬೇಕಿತ್ತು. ಭಾನುವಾರ ಮಧ್ಯಾಹ್ನ ನೋಡಿದೆ. ಅದರಲ್ಲೂ ಹೊಂದುತ್ತದೆ. ಮೊದಲ ಬೀಗ ತೆರೆದ ಕೂಡಲೇ ಆ ಕೀಲಿ ಆ ಬೀಗದ್ದೇ ಎಂದು ಘೋಷಿಸಿದವನು ನಾನು. ಎರಡನೆಯ ಬೀಗಕ್ಕೆ ಹಾಕಿ ನೋಡುವ ತಾಳ್ಮೆ ಇರಲಿಲ್ಲ. ಪುರಸಭೆ ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ ಬರೆದ ಕಲ್ಲನ್ನು ಅದು ಹುಟ್ಟುವ ಮೊದಲಿನದೆಂದು ಅರವತ್ತು ವರ್ಷ ಹಿಂದೆ ತಳ್ಳಿದ್ದೆ.

(ಹಳೆಯದಾದಷ್ಟೂ ನಮಗೆ ಪ್ರೀತಿ ಹೆಚ್ಚು. ಇದು ನಮ್ಮ ವೃತ್ತಿಯ ಕಾಯಿಲೆ. ಬೇರೆ ವೃತ್ತಿಗಳಲ್ಲಿ ಇದರಿಂದ ಯಾರ ಮೋಟಾರೂ ಸುಡುವುದಿಲ್ಲ.)

ಸೋಮವಾರ ನಾಯ್ಕರು ಹೇಳಿದರು. "ಕಲ್ಲು ಸಾಕ್ಷಿ ಹೇಳ್ತದೆ ಸರ್. ಆದ್ರೆ ಫೈಲಿಗೆ ಕಲ್ಲು ಪಿನ್ ಮಾಡ್ಲಿಕ್ಕೆ ಬರೂದಿಲ್ಲ. ನಿಮ್ಮ ಒಂದು ಕಾಗದ ಬೇಕು. ಮೊದಲಿಂದು ತಪ್ಪು ಅಂತ."

ಬರೆಯಲು ಕುಳಿತೆ. ಸೇವೆಯಲ್ಲಿದ್ದಾಗ ಇತರರ ತಪ್ಪುಗಳ ಮೇಲೆ ಎಷ್ಟೋ ಪುಟ ಬರೆದಿದ್ದೇನೆ, ಲೇಖನಿ ನಿಂತದ್ದಿಲ್ಲ. ಈ ಕಾಗದಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. 'ಲಭ್ಯ ಆಕರಗಳ ಮಿತಿಯಿಂದಾಗಿ ಕಾಲನಿರ್ಣಯದಲ್ಲಿ ಕೆಲವು ವ್ಯತ್ಯಾಸಗಳು ಉಂಟಾಗಿರುವ ಸಾಧ್ಯತೆ ಕಂಡುಬಂದಿದ್ದು...' ಎಂದು ಶುರುವಾಗಿತ್ತು. ಸಾವಿತ್ರಿ ಓದಿದಳು.

"ಚಂದ ಆಜು. ಆದರೆ ತಪ್ಪು ಮಾಡಿದ್ದು ಯಾರು ಹೇಳಿ ಗೊತ್ತಾಗ್ತಿಲ್ಲೆ."

ಹರಿದು ಹಾಕಿದೆ. ಅವಳ ಮಾತಿನಿಂದ ಹೊಳೆದದ್ದು ಒಂದು: ಕಚೇರಿಯ ಭಾಷೆಯೂ ಪಂಡಿತರ ಭಾಷೆಯೂ ಅಣ್ಣತಮ್ಮಂದಿರು. ಎರಡರಲ್ಲೂ ಕೆಲಸಗಳು ತಾವಾಗಿಯೇ ನಡೆದುಬಿಡುತ್ತವೆ. ವ್ಯತ್ಯಾಸ ಉಂಟಾಗುತ್ತದೆ. ಹಸ್ತಾಂತರ ಆಗುವುದಿಲ್ಲ. ಓಣಿ ಏರುತ್ತದೆ, ಚರಂಡಿ ಮುಚ್ಚಿಹೋಗುತ್ತದೆ, ನೀರು ನುಗ್ಗುತ್ತದೆ. ಮಾಡಿದವರು ಎಲ್ಲಿಯೂ ಇಲ್ಲ. ಅನುಭವಿಸಿದವರು ಮಾತ್ರ ಹೆಸರು, ವಿಳಾಸ, ಆಧಾರ್ ಪ್ರತಿ ಸಹಿತ ಅರ್ಜಿಯಲ್ಲಿ ಇರುತ್ತಾರೆ.

ಎರಡನೆಯ ಕಾಗದ ಮೂರು ಸಾಲಿನದು. ನಾನು ಕಲ್ಲನ್ನು ಪೂರ್ತಿ ಓದದೆ ಬರೆದೆ. ನಾನು ಕೊಟ್ಟ ಇಸವಿ ತಪ್ಪು. ಓಣಿ ಸಾರ್ವಜನಿಕರದು. ಕೆಳಗೆ ಸಹಿ.

ನಾಯ್ಕರು ಅದನ್ನು ಎರಡು ಸಲ ಓದಿದರು. "ಇಷ್ಟು ಸಣ್ಣ ಕಾಗದ ಈ ಆಫೀಸಿಗೆ ಬಂದಿದ್ದೇ ಇಲ್ಲ ಸರ್" ಎಂದರು. ಅದನ್ನು ಪಿನ್ ಮಾಡಿ, ರಿಜಿಸ್ಟರ್ ತಿದ್ದಲು ಮೇಲಕ್ಕೆ ಟಿಪ್ಪಣಿ ಕಳಿಸಿದರು. ಅದು ಒಪ್ಪಿಗೆಯಾಗಿ ಬರುವವರೆಗೆ ಮಳೆ ಕಾಯುವುದಿಲ್ಲವಲ್ಲ. ಮಳೆಗಾಲಕ್ಕೆ ಮುಂಚಿನ ಹೂಳೆತ್ತುವ ಕೆಲಸದ ಪಟ್ಟಿಯಲ್ಲಿ ನಮ್ಮ ಓಣಿಯನ್ನು ಕೊನೆಯ ಸಾಲಿಗೆ ತಮ್ಮ ಕೈಬರಹದಲ್ಲಿ ಸೇರಿಸಿದರು. ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆದರು. ಹಾಗೆ ಬರೆಯಲೇಬೇಕೆಂಬ ನಿಯಮವಿರಲಿಲ್ಲ.

ಬುಧವಾರ ಫಕೀರಪ್ಪನ ತಂಡ ಬಂತು. ಎಡಗಡೆಯ ಕಾಂಕ್ರೀಟ್ ಕತ್ತರಿಸುತ್ತಿದ್ದಂತೆ ಕೆಳಗೆ ಹಳೆಯ ಚರಂಡಿ ಸಿಕ್ಕಿತು. ಚಿರೇಕಲ್ಲಿನದು, ಎರಡು ಗೇಣು ಅಗಲ, ಅಳತೆ ಹಿಡಿದು ನೋಡಿದೆ, ಕಲ್ಲು ಹೇಳಿದಷ್ಟೇ. ಒಂದು ಕಲ್ಲೂ ಜರುಗಿರಲಿಲ್ಲ. ಹೊಸದೇನನ್ನೂ ಕಟ್ಟಬೇಕಾಗಿರಲಿಲ್ಲ; ಮುಚ್ಚಿದ್ದನ್ನು ತೆರೆದರೆ ಸಾಕಿತ್ತು.

ಓಣಿಯ ಮೇಲ್ತುದಿಗೆ ಬಂದಾಗ ಕೆಲಸ ನಿಂತಿತು. ಚರಂಡಿಯ ಮೇಲೆ ಅಡ್ಡಲಾಗಿ ಒಂದು ಸಿಮೆಂಟಿನ ಇಳಿಜಾರು. ಮನೆಯೊಳಗೆ ಸ್ಕೂಟರ್ ಹತ್ತಿಸಲು ಯಾರೋ ಕಟ್ಟಿಸಿಕೊಂಡದ್ದು.

"ಇದು ಯಾರ್ದು ಮಾಸ್ತರ್ರೆ?" ಎಂದ ಫಕೀರಪ್ಪ.

"ನನ್ನದು."

"ಇದನ್ನ ಹಿಟ್ಟು ಹಚ್ಚಿ ಓದಿ ಒಡೀಬೇಕಾ, ಹಂಗೇ ಒಡೀಲಾ?"

ಓಣಿಯವರೆಲ್ಲ ನಕ್ಕರು. ನಾಯ್ಕರು ಮಾತ್ರ ಮರ್ಯಾದೆಗೆ ಬೇರೆ ಕಡೆ ತಿರುಗಿ ನಕ್ಕರು. ಹಾಗೇ ಒಡೆಯಲು ಹೇಳಿದೆ. ಸ್ಕೂಟರ್ ಈಗ ಬೀದಿಯಲ್ಲಿ ನಿಲ್ಲುತ್ತದೆ. ಕಚೇರಿಯನ್ನು ಬೈಯುವ ನಮ್ಮಲ್ಲಿ ಎಷ್ಟು ಮಂದಿಯ ಮನೆಯೆದುರು ಇಂಥದೊಂದು ಸಿಮೆಂಟಿನ ಬರಹವಿದೆ? ಚರಂಡಿ ಕಟ್ಟಿ ಕಾಪಾಡುವುದು ಕಚೇರಿಯ ಹೊಣೆ, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅದರ ಬಾಯಿ ಮುಚ್ಚುವ ಕೆಲಸವನ್ನು ನಾವು ಯಾವ ಅನುದಾನಕ್ಕೂ ಕಾಯದೆ ಮಾಡುತ್ತೇವೆ.

ಸಂಜೆಯ ಹೊತ್ತಿಗೆ ಗಿರಣಿ ದಾಟಿ, ಓಣಿ ಮುಗಿಯುವಲ್ಲಿರುವ 'ದಾರಿಕಲ್ಲು ಓಣಿ' ಎಂಬ ಫಲಕದವರೆಗೆ ಚರಂಡಿ ತೆರೆಯಿತು. ಫಕೀರಪ್ಪ ಅಲ್ಲಿಗೆ ಉಪಕರಣ ಎತ್ತಿದ.

ಮಳೆ ಆ ಶನಿವಾರ ಮಧ್ಯಾಹ್ನ ಬಂತು. ಬಂದದ್ದು ನಮ್ಮ ಕಡೆಯ ಮಳೆಯೇ. ಹತ್ತು ನಿಮಿಷದಲ್ಲಿ ಎದುರು ಮನೆ ಕಾಣಿಸಲಿಲ್ಲ. ಕೊಡೆ ಹಿಡಿದು ಕೆಳಗೆ ಓಡಿದೆ. (ಈ ಸಲ ಕೊಡೆ ಇತ್ತು.) ಗಿರಣಿಯ ಬಾಗಿಲಲ್ಲಿ ನೀಲವ್ವ ನಿಂತಿದ್ದರು. ಒಳಗೆ ಯಾರದೋ ಮೆಣಸು ಅರ್ಧ ಪುಡಿಯಾಗಿ ನಿಂತಿತ್ತು. ಮುಳುಗಿದರೆ ಓಡುತ್ತಿರುವಾಗ ಮುಳುಗಬಾರದೆಂದು ಮೋಟಾರು ಆರಿಸಿದ್ದರು. ಇಬ್ಬರೂ ಹೊಸಿಲನ್ನೇ ನೋಡುತ್ತ ನಿಂತೆವು.

ನೀರು ಬಂತು. ಕೆಂಪಗೆ, ಎಲೆಕಡ್ಡಿ ಹೊತ್ತುಕೊಂಡು, ಸದ್ದು ಮಾಡುತ್ತ. ಹೊಸಿಲಿನ ಮುಂದೆ ಒಮ್ಮೆ ಅಗಲವಾಯಿತು. ಆಮೇಲೆ ಎಡಕ್ಕೆ ವಾಲಿ ಚರಂಡಿಗೆ ಬಿತ್ತು. ಚರಂಡಿ ತುಂಬಿತು, ಉಕ್ಕಲಿಲ್ಲ. ಅರ್ಧ ತಾಸು ಮಳೆ ಸುರಿಯಿತು. ಹೊಸಿಲು ಒದ್ದೆಯಾಯಿತು, ಅಷ್ಟೇ. ಗುಂಡಿಯಲ್ಲಿ ಮೋಟಾರು ಒಣಗಿಯೇ ಇತ್ತು.

ಹೇಳಲು ನನ್ನ ಬಳಿ ಎರಡು ಮಾತು ಸಿದ್ಧವಾಗಿದ್ದವು. ನೀಲವ್ವ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸೆರಗನ್ನು ತಲೆಗೆ ಹೊದ್ದು, ಮಳೆಯಲ್ಲೇ ಇಳಿದು, ಫಲಕದವರೆಗೆ ನಡೆದುಹೋದರು. ಚರಂಡಿ ಅಲ್ಲಿಗೆ ಮುಗಿದು ನೀರು ಕೆಳಗಿನ ಓಣಿಗೆ ಧುಮುಕುತ್ತಿತ್ತು. ಆ ಓಣಿಗೂ ಕಾಂಕ್ರೀಟ್ ಬಿದ್ದಿದೆ. ಅದರ ಮೊದಲ ಮನೆಯ ಮುದುಕಿಯೊಬ್ಬರು ಬಾಗಿಲಿಗೆ ಗೋಣಿಚೀಲ ಒತ್ತುತ್ತಿದ್ದುದು ಇಲ್ಲಿಂದಲೇ ಕಾಣುತ್ತಿತ್ತು. ನೀಲವ್ವ ಹೋಗಿ ಅವರೊಡನೆ ಚೀಲದ ಇನ್ನೊಂದು ತುದಿ ಹಿಡಿದು ಒತ್ತಿದರು. ತಿರುಗಿ ಬಂದು, ಮುಖ ಒರೆಸಿಕೊಂಡು ನನ್ನನ್ನು ಕೇಳಿದರು:

"ಮಾಸ್ತರ್ರ, ಅವರ ಓಣ್ಯಾಗ ಕಲ್ಲಿಲ್ರಿ. ಅವರು ಏನ ಅಗೀಬೇಕು?"